ಚಪ್ಪಾಳೆ ಮತ್ತು ಮೂರನೇ ಮಹಡಿಯ ಬಾಗಿಲು

ಮಾರ್ಚ್ 3, ಸೋಮವಾರ

ಮತ್ತೆ ಚಪ್ಪಾಳೆ. ಇವತ್ತು ಸ್ವಲ್ಪ ಜೋರಾಗಿಯೇ ಬಿತ್ತು.

ನಮ್ಮ ಹಾಸಿಗೆ-ದಿಂಬಿನ ಕಾರ್ಖಾನೆಯ ಪದ್ಧತಿ ಇದು. ಪ್ರತಿ ಸೋಮವಾರ ಸಲಹೆಗಾರರ ಸಭೆ. ಕಾನೂನಿಗೆ ಒಬ್ಬರು, ಮಾರಾಟಕ್ಕೆ ಒಬ್ಬರು, ಒಳಾಂಗಣ ಅಲಂಕಾರಕ್ಕೆ ಒಬ್ಬರು, ಬೆಂಕಿಗೆ ನಾನು. ಹಚ್ಚಲಿಕ್ಕಲ್ಲ, ಆರಿಸಲಿಕ್ಕೆ. ನಿವೃತ್ತಿಯಾಗುವ ತನಕ ಅಗ್ನಿಶಾಮಕ ದಳದಲ್ಲಿ ಪೈಪು ಹಿಡಿದವನು. ಒಬ್ಬೊಬ್ಬರಾಗಿ ಎದ್ದು ಸಲಹೆ ಕೊಡಬೇಕು. ಯಜಮಾನರು "ಅದ್ಭುತ!" ಎನ್ನಬೇಕು. ಎಲ್ಲರೂ ತಟ್ಟಬೇಕು. ಚಪ್ಪಾಳೆ ಬಿತ್ತೆಂದರೆ ಆ ಸಲಹೆಯ ಕಥೆ ಮುಗಿಯಿತು. ಹೆಣ ಸಾಗಿಸುವಾಗಲೂ ಇಷ್ಟು ಶಿಸ್ತು ಇರುವುದಿಲ್ಲ.

ನನ್ನದು ಹಳೆಯ ರಾಗ. ಮೂರನೇ ಮಹಡಿಯ ಹೊಲಿಗೆ ಹಾಲ್‌ನಲ್ಲಿ ಎಂಬತ್ತು ಹೆಂಗಸರು. ಸುತ್ತ ಸ್ಪಂಜು, ಹತ್ತಿ, ಅಂಟು. ಹಿಂದಿನ ಗೋಡೆಯಲ್ಲಿ ತುರ್ತು ಬಾಗಿಲು. ಅದರಾಚೆ ಕೆಳಗಿಳಿಯುವ ಕಬ್ಬಿಣದ ಮೆಟ್ಟಿಲು. ಆ ಬಾಗಿಲ ಮುಂದೆ ಸೂರು ಮುಟ್ಟುವಂತೆ ದಿಂಬಿನ ರಾಶಿ. ತೆಗೆಸಿ ಎಂದೆ. ಅದ್ಭುತ. ಚಪ್ಪಾಳೆ. ಬಿಸ್ಕತ್ತು.

ಆ ಎಂಬತ್ತು ಜನರಲ್ಲಿ ನನ್ನ ತಂಗಿಯೂ ಒಬ್ಬಳು. ಸಭೆಯಲ್ಲಿ ಅದನ್ನು ಹೇಳುವುದಿಲ್ಲ. ಅದಕ್ಕೂ ತಟ್ಟಿಬಿಟ್ಟಾರು.

ಮಾರ್ಚ್ 4

ಸಂಜೆ ತಂಗಿ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

"ಅಣ್ಣಾ, ನಿನ್ನ ದಿಂಬಿನ ರಾಶಿ ಇವತ್ತು ಇನ್ನೂ ಎರಡು ಅಡಿ ಅಗಲ ಆಗಿದೆ. ಮಧ್ಯಾಹ್ನ ಅದಕ್ಕೇ ಒರಗಿ ಊಟ ಮಾಡಿದ್ವಿ. ಸುಖವಾಗಿತ್ತು."

"ನಗಬೇಡ."

"ಅಳಲಾ? ಒಂದು ಕೇಳ್ತೀನಿ. ನೀನು ಅಲ್ಲಿ ಸಲಹೆಗಾರನೋ, ಶಾಸ್ತ್ರಕ್ಕೆ ಇಟ್ಕೊಂಡಿರೋ ಬೊಂಬೆನೋ?"

ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಬಾಯಿ ಮುಚ್ಚಿಸುವ ಉಪಾಯ. ಫಲಿಸಲಿಲ್ಲ.

ಮಾರ್ಚ್ 17, ಸೋಮವಾರ

ಇದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು, ಪೆನ್ನು ಸಿಗಲಿಲ್ಲ. ದಿಂಬಿನ ರಾಶಿ ಮಾಯ! ನೆಲ ಗುಡಿಸಿದ್ದಾರೆ. ಬಾಗಿಲು ಕಾಣುತ್ತಿದೆ — ಹಸಿರು ಬಣ್ಣ ಎಂದು ಇವತ್ತೇ ಗೊತ್ತಾಗಿದ್ದು. ಯಜಮಾನರು ಬೆನ್ನು ತಟ್ಟಿದರು. "ನಿಮ್ಮ ಮಾತನ್ನ ನಾವು ತೆಗೆದುಹಾಕಲ್ಲ ಸಾರ್. ಸ್ವಲ್ಪ ಟೈಮ್ ತಗೋತೀವಿ, ಅಷ್ಟೇ."

ತಂಗಿಗೆ ಹೇಳಿದೆ. "ನೋಡೋಣ" ಎಂದಳು. ಹೊಟ್ಟೆಕಿಚ್ಚು.

ಮಾರ್ಚ್ 26

ಹೇಗೆ ಬರೆಯಲಿ... ಪೆನ್ನು ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಖಾಲಿಯಾದ ಜಾಗದಲ್ಲಿ ಒಂದು ಕ್ಯಾಬಿನ್ ಎದ್ದಿದೆ. ಗಾಜಿನ ಗೋಡೆ, ಮೇಜು, ತಿರುಗುವ ಕುರ್ಚಿ, ಎ.ಸಿ. ಹೊರಗೆ ಹಿತ್ತಾಳೆ ಫಲಕ: ಸುರಕ್ಷತಾ ಸಲಹೆಗಾರರು. ಅಂದರೆ ನಾನು!

ತುರ್ತು ಬಾಗಿಲು ಎಲ್ಲಿ? ನನ್ನ ಕುರ್ಚಿಯ ಬೆನ್ನಿಗೆ. ಅದರ ಮುಂದೊಂದು ಬೀರು, ಬೀರುವಿನ ಮೇಲೆ ಪ್ಲಾಸ್ಟಿಕ್ ಹೂಕುಂಡ.

"ನಿಮಗೊಂದು ಜಾಗ ಇಲ್ವಲ್ಲ ಅಂತ ನನಗೇ ಬೇಜಾರಾಗ್ತಿತ್ತು," ಎಂದರು ಯಜಮಾನರು. ಕಣ್ಣಲ್ಲಿ ನೀರಿತ್ತು, ಆಣೆಗೂ.

ಅಲಂಕಾರದ ಸಲಹೆಗಾರ್ತಿ ಉಬ್ಬಿಹೋಗಿದ್ದರು. "ಇಡೀ ಮಹಡೀಲಿ ಇದೊಂದೇ ಗೋಡೆ ಖಾಲಿ ಇತ್ತು ಸಾರ್. ಯಾರೂ ಯಾಕೆ ಬಳಸಿಲ್ಲ ಅಂತ ಆಶ್ಚರ್ಯ ಆಯ್ತು. ಗಾಜು ಒಡೆಯೋದೇ ಇಲ್ಲ, ಸುತ್ತಿಗೇಲಿ ಹೊಡೆದರೂ! ಸುರಕ್ಷತೆಯವರ ಕ್ಯಾಬಿನ್ ಅಲ್ವಾ?"

ಹೊಲಿಗೆ ಯಂತ್ರದ ಹಿಂದಿನಿಂದ ತಂಗಿ ನೋಡುತ್ತಿದ್ದಳು. ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮಾರ್ಚ್ 31, ಸೋಮವಾರ

ಕ್ಯಾಬಿನ್ ಕೀಳಿಸಿ ಎಂದೆ ಸಭೆಯಲ್ಲಿ. ಧ್ವನಿ ಏರಿಸಿಯೇ ಅಂದೆ. ಅದ್ಭುತ. ಚಪ್ಪಾಳೆ.

ಬಿಡಲಿಲ್ಲ. "ಹಾಗಾದರೆ ಕ್ಯಾಬಿನ್‌ಗೆ ಬೀಗ ಹಾಕೋದಾದರೂ ಬೇಡ" ಎಂದೆ. ಕಾನೂನು ಸಲಹೆಗಾರರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಕಾದಿದೆ ಎಂದೇ ಅರ್ಥ.

"ಒಳಗೆ ಕಂಪನಿ ಸಾಮಾನಿದೆ. ನೀವು ಇಲ್ಲದಾಗ ಬೀಗ ಬೀಳಲೇಬೇಕು. ಕೀ ನಿಮ್ಮ ಹತ್ತಿರವೇ ಇರಲಿ. ಇನ್ನೊಂದು ಮಾತು ಸಾರ್, ಈಗ ಬಾಗಿಲಿಗೆ ಅಡ್ಡ ಇರೋದು ನಿಮ್ಮ ಆಫೀಸು. ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವರು..." ಎಂದು ಬಹಳ ಮರ್ಯಾದೆಯಿಂದ ನನ್ನತ್ತ ಕೈ ತೋರಿಸಿದರು.

ಇದಕ್ಕೂ ಚಪ್ಪಾಳೆ. ಮಾರಾಟದವರು ಎದ್ದು ನಿಂತೇ ತಟ್ಟಿದರು.

ಏಪ್ರಿಲ್ 7

ಎ.ಸಿ. ಚೆನ್ನಾಗಿದೆ. ಬೆನ್ನ ಹಿಂದೆಲ್ಲೋ ಗುಂಯ್‌ಗುಡುತ್ತದೆ. ಸಿಟ್ಟಿನಲ್ಲೂ ತಂಪಾಗಿರುವ ಹಾಳು ದೇಹ.

ಏಪ್ರಿಲ್ 22

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹನ್ನೊಂದು. ಮೇಲೆ ಹೊಲಿಗೆ ಹಾಲ್‌ನಲ್ಲಿ ಯಾರೋ ಇಸ್ತ್ರಿಪೆಟ್ಟಿಗೆಯನ್ನು ಸ್ಪಂಜಿನ ಮೇಲೆ ಮರೆತಿದ್ದಾರೆ. ಬೆಂಕಿ ಅಂಗೈಯಗಲ, ಹೊಗೆ ಹಾಲ್ ತುಂಬ. ಕರೀ ಹೊಗೆ. ಮೇಸ್ತ್ರಿ ಅಗ್ನಿಶಾಮಕ ಸಿಲಿಂಡರ್ ಹಿಡಿದು ಆರಿಸಿದ, ಪುಣ್ಯಾತ್ಮ. ಆದರೆ ಹೊಗೆಯಲ್ಲಿ ಇದ್ದವರಿಗೆ ಬೆಂಕಿ ಎಷ್ಟೆಂದು ಹೇಗೆ ಗೊತ್ತಾಗಬೇಕು? ತಂಗಿಗೆ ಬಾಗಿಲಿರುವುದು ಗೊತ್ತು. ಹತ್ತು ಜನರನ್ನು ಎಳೆದುಕೊಂಡು ಕ್ಯಾಬಿನ್‌ಗೆ ಬಂದಿದ್ದಾಳೆ. ಬೀಗ. ಸ್ಟೂಲ್ ಎತ್ತಿ ಗಾಜಿಗೆ ಹೊಡೆದಿದ್ದಾಳೆ, ಮತ್ತೆ ಮತ್ತೆ. ಅಲಂಕಾರದವರು ಸುಳ್ಳು ಹೇಳಿರಲಿಲ್ಲ. ಒಡೆಯಲಿಲ್ಲ.

ತಿರುಗಿ ಮುಂದಿನ ಮೆಟ್ಟಿಲಿಗೆ ಓಡಿದರು. ನೂಕುನುಗ್ಗಲು. ಬಿದ್ದಳು. ಮಣಿಕಟ್ಟು ಮುರಿಯಿತು. ಇನ್ನಿಬ್ಬರಿಗೆ ತಲೆಗೆ ಪೆಟ್ಟು. ಜೀವ ಯಾರದ್ದೂ ಹೋಗಲಿಲ್ಲ... ಈ ಸಲ.

ನಾನೆಲ್ಲಿದ್ದೆ? ಸೋಮವಾರವಲ್ಲವೇ? ನೆಲಮಹಡಿಯಲ್ಲಿ. ಎದ್ದು ನಿಂತು ಬೆಂಕಿಯ ಬಗ್ಗೆ ಸಲಹೆ ಕೊಡುತ್ತಿದ್ದೆ. ಮೇಲಿನ ಕಿರುಚಾಟ ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಕೀ ಜೇಬಿನಲ್ಲಿತ್ತು.

ಏಪ್ರಿಲ್ 24

ಆಸ್ಪತ್ರೆ. ಡಾಕ್ಟರ ಸಲಹೆ: ಕೈ ಅಲುಗಿಸಬಾರದು. ಪಕ್ಕದ ಹಾಸಿಗೆಯ ಮುದುಕಿಯ ಸಲಹೆ: ಅಲುಗಿಸುತ್ತಲೇ ಇರಬೇಕು. ಯಜಮಾನರು ಹಣ್ಣಿನ ಬುಟ್ಟಿ ಕಳಿಸಿದ್ದಾರೆ, ಜೊತೆಗೆ ಸಂದೇಶ — ಮುಂದಿನ ಸಭೆಯಲ್ಲಿ ಹೊಗೆಯ ಕುರಿತು ನನ್ನ ವಿಶೇಷ ಸಲಹೆ ಇದೆಯಂತೆ.

ತಂಗಿ ಕಿತ್ತಳೆಯನ್ನು ಒಂದೇ ಕೈಯಲ್ಲಿ ಸುಲಿಯಲು ಒದ್ದಾಡುತ್ತಿದ್ದಳು. ಇಸಿದುಕೊಂಡು ಸುಲಿದೆ.

"ನೋಡು, ಇದು ಬರುತ್ತೆ ನಿನಗೆ," ಎಂದಳು.

"ಏನು?"

"ಕೈಯಲ್ಲಿ ಮಾಡೋದು. ಅಣ್ಣಾ, ನೀನು ದಳದಲ್ಲಿದ್ದಾಗ ಉರಿಯೋ ಮನೆ ಮುಂದೆ ನಿಂತು ಸಲಹೆ ಕೊಡ್ತಿದ್ಯಾ?"

"ಬಾಗಿಲು ಒಡೀತಿದ್ವಿ."

"ಹ್ಞೂಂ." ತೊಳೆ ಬಾಯಿಗೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 28, ಸೋಮವಾರ, ಹನ್ನೊಂದೂವರೆ

ಸಭೆಗೆ ಹೋಗಲಿಲ್ಲ. ಮೂರನೇ ಮಹಡಿಯ ತುರ್ತು ಬಾಗಿಲ ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಯೆಲ್ಲ ಗ್ರೀಸು, ಹಾಳೆಯೂ ಗ್ರೀಸು.

ಬೆಳಗಿನಿಂದ ಬಿಚ್ಚಿದ್ದು: ಹಿತ್ತಾಳೆ ಫಲಕ, ಒಡೆಯದ ಗಾಜು (ಒಡೆಯುವುದಿಲ್ಲ, ಸ್ಕ್ರೂ ಬಿಚ್ಚಿದರೆ ಬರುತ್ತದೆ), ಬೀರು, ಹೂಕುಂಡ. ತಂಗಿ ಬೇಡವೆಂದರೂ ಬಂದಿದ್ದಾಳೆ. ಮುರಿದ ಕೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ. ಇನ್ನೊಂದರಲ್ಲಿ ಸ್ಕ್ರೂಗಳನ್ನು ಹಿಡಿದುಕೊಂಡು "ಇದು ಯಾವ ಸ್ಕ್ರೂ, ಅದು ಯಾವ ಸ್ಕ್ರೂ" ಎಂದು ಪ್ರಾಣ ತಿನ್ನುತ್ತಿದ್ದಾಳೆ.

ಹಸಿರು ಬಾಗಿಲನ್ನು ಮೈಭಾರ ಹಾಕಿ ಎಳೆದೆ. ತೆರೆಯಿತು. ಹೊರಗೆ...

ಕಬ್ಬಿಣದ ಮೆಟ್ಟಿಲಿನ ಮೊದಲ ಹಂತಕ್ಕೆ ಅಡ್ಡಲಾಗಿ, ನಾಲ್ಕು ಬೋಲ್ಟ್ ಜಡಿದು ಕೂರಿಸಿದ ದೊಡ್ಡ ಬಿಳಿ ಪೆಟ್ಟಿಗೆ. ಗುಂಯ್ ಎನ್ನುತ್ತಿತ್ತು. ನನ್ನ ಎ.ಸಿ.ಯ ಹೊರಗಿನ ಅರ್ಧ.

ಅವತ್ತು ಬೀಗ ತೆಗೆದಿದ್ದರೂ ಇವರು ಹೋಗುತ್ತಿದ್ದುದು ಇದರವರೆಗೆ. ನನ್ನ ತಂಪಿನವರೆಗೆ.

ಕರೆಂಟ್ ತೆಗೆಸಿದೆ. ಮೂರು ಬೋಲ್ಟ್ ಬಂದವು. ನಾಲ್ಕನೆಯದು ಬಿಗಿ. ಎಣ್ಣೆ ಬಿಟ್ಟು ಕಾಯುತ್ತಿದ್ದೇನೆ; ಅದಕ್ಕೇ ಬರೆಯಲು ಪುರುಸೊತ್ತು.

ಈಗ ತಾನೇ ಯಜಮಾನರು ಏದುಸಿರು ಬಿಡುತ್ತ ಬಂದರು, ಹಿಂದೆ ಕನ್ನಡಕ ಒರೆಸುತ್ತ ಕಾನೂನು.

"ಏನ್ ಸಾರ್ ಇದು! ನೀವು ಸಲಹೆಗಾರರು! ಸ್ಪ್ಯಾನರ್ ಹಿಡಿಯೋದು ನಿಮ್ಮ ಕೆಲಸಾನಾ? ಒಂದು ಮಾತು ಹೇಳಿದ್ದರೆ ನಾವೇ..."

ನಾನು ಬಾಯಿ ತೆರೆಯುವುದರೊಳಗೆ ತಂಗಿ ಯಂತ್ರದ ಮೇಜಿನ ಮೇಲೆ ಸ್ಕ್ರೂಗಳನ್ನು ಸುರಿದಳು.

"ಅದ್ಭುತ!" ಎಂದಳು.

ಒಂದೇ ಕೈ; ಮೇಜಿಗೆ ಬಡಿದು ತಟ್ಟಿದಳು. ಪಕ್ಕದವಳು ತಟ್ಟಿದಳು. ಆಮೇಲೆ ಇಡೀ ಹಾಲ್. ಯಜಮಾನರ ತುಟಿ ಅಲುಗುತ್ತಲೇ ಇದೆ, ಒಂದಕ್ಷರ ಕೇಳಿಸುತ್ತಿಲ್ಲ. ಇನ್ನೂ ನಿಲ್ಲಿಸಿಲ್ಲ ಇವರು.

ತಂಗಿ ಸ್ಪ್ಯಾನರ್ ಚಾಚಿದ್ದಾಳೆ. "ಎಣ್ಣೆ ಇಳೀತು, ಏಳಣ್ಣಾ." ಕೂತಲ್ಲಿಂದಲೇ ಒಮ್ಮೆ ತಿರುಗಿಸಿದೆ. ಬೋಲ್ಟ್ ಸ್ವಲ್ಪ ಅಲ್ಲಾಡಿದ ಹಾಗೆ—