ಮೆಟ್ಟಿಲೂರೋ ಮರಳೂರೋ

ಮೂರನೆಯ ಮಹಡಿ, ಅಡುಗೆಮನೆಯ ಮೇಜು
ಭಾನುವಾರ, ಆಗಸ್ಟ್ ೧೮

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಗಾಜಿನ ಕುಲುಮೆಯ ಎದುರು ನಿಂತು ಒಣಗುವ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ನಾನು ಕಳಿಸಿದ ಔಷಧಿ ಕಿಟಕಿಯಲ್ಲಿ ಕೂತು ಧೂಳು ತಿನ್ನುತ್ತಿದೆಯೋ? ಫೋನು ಮಾಡಿ ಕೇಳೋಣವೆಂದರೆ ನೀನು "ಹೂಂ, ಊಟ ಆಯ್ತು" ಎಂದು ನಾನು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತೀಯ. ಕಾರ್ಖಾನೆಯ ಗದ್ದಲ ನಿನ್ನ ಅರ್ಧ ಕಿವಿಯನ್ನು ತಿಂದುಹಾಕಿದೆ. ಅದಕ್ಕೇ ಈ ಕಾಗದ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮೊಮ್ಮಗಳು, ನಮ್ಮ ಗೂಬೆಮರಿ, ಹೆಸರಿಗೆ ತಕ್ಕಂತೆ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುತ್ತಾಳೆ. ಅವಳು ಅಪ್ಪಿತಪ್ಪಿ ಮಲಗಿದರೆ ನಾನು ಎದ್ದಿರುತ್ತೇನೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟುಕೊಂಡು. ಬೆರಳು ತಾಗಿ ಅವಳು ಏಳುತ್ತಾಳೆ. ನಗಬೇಡ. ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಅವಳನ್ನು ಯಾರ ಕೈಗೂ ಒಪ್ಪಿಸಿಲ್ಲ, ಇವರ ಕೈಗೂ. "ನಾನೇನು ಅವಳನ್ನ ಪಾಲಿಶ್ ಮಾಡಿ ಡಬ್ಬೀಲಿ ಇಟ್ಬಿಡ್ತೀನಾ?" ಎಂದು ರೇಗಿಸುತ್ತಾರೆ. ಊರವರಿಗೆಲ್ಲ ಕಟ್ಟುಹಲ್ಲು ಮಾಡಿಕೊಡುವವರ ಬಾಯಿಗೆ ಬರುವುದು ಇಂಥ ಮಾತೇ.

ನನ್ನ ಕಣ್ಣು ಗುಳಿಬಿದ್ದದ್ದನ್ನು ನೋಡಲಾರದೆ ಇವರು ರಜೆ ಹಾಕಿದ್ದಾರೆ. ಕಡಲಂಚಿನಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ಸೀಮೆಯಿದೆಯಲ್ಲ, ನೀನು ಮಾಡುವ ಬಾಟಲಿಗಳೆಲ್ಲ ಹೋಗಿ ಸೇರುವ ಜಾಗ, ಅಲ್ಲಿ ಒಂದು ವಾರ ಇದ್ದು ಬರುವ ಯೋಚನೆ. ಚಿತ್ರಗಳಲ್ಲಿ ನೋಡಿ ನಮಗೆ ಹಿಡಿಸಿದ್ದು ಎರಡು ಊರು. ಒಂದರಲ್ಲಿ ದ್ರಾಕ್ಷಿತೋಟಗಳು ಗುಡ್ಡದಿಂದ ಹಂತಹಂತವಾಗಿ ಸಮುದ್ರಕ್ಕೆ ಇಳಿಯುತ್ತವೆ, ಬೀದಿಗಳೂ ಬರೀ ಮೆಟ್ಟಿಲು. ಅದು ಮೆಟ್ಟಿಲೂರು. ಇನ್ನೊಂದು ಮರಳದಂಡೆಯ ಮೇಲೆ ಅಂಗೈಯಷ್ಟು ಸಪಾಟು, ಮುಖ್ಯಬೀದಿಯಲ್ಲೇ ಆಸ್ಪತ್ರೆ. ಅದು ಮರಳೂರು. ಹೆಸರಿಟ್ಟವರು ನಿನ್ನ ಅಳಿಯನೇ. ಇವರದು ಮೆಟ್ಟಿಲೂರಿನ ಹಟ: "ಅಲ್ಲಿಂದ ಸಮುದ್ರ ಪೂರ್ತಿ ಕಾಣತ್ತೆ ಕಣೇ!" ನಾನೆಂದೆ, "ಅಲ್ಲಿಂದ ಮಗು ಪೂರ್ತಿ ಉರುಳತ್ತೆ." ಇಬ್ಬರದೂ ನಿಜವಾದ್ದರಿಂದ ಕಳೆದ ವಾರವಿಡೀ ಜಗಳ ಮುಗಿಯಲಿಲ್ಲ. ಇರಲಿ ಎಂದು ಎರಡು ಕಡೆಯೂ ಕೋಣೆ ಹೇಳಿಟ್ಟೆವು. ಮೆಟ್ಟಿಲೂರಿನ ವಸತಿಯ ಯಜಮಾನಿಯನ್ನು ಫೋನಿನಲ್ಲಿ ನಾನು ಏನೇನು ಕೇಳಿದೆನೋ ಕೇಳಬೇಡ. ಪೀಪಾಯಿಗಳಲ್ಲಿ ಹುಳಿಯುವ ದ್ರಾಕ್ಷಿರಸದ ವಾಸನೆಗೆ ಮಗುವಿಗೆ ಅಮಲೇರುತ್ತದೆಯೇ ಎಂದೂ ಕೇಳಿದೆ. "ಹಾಗಿದ್ರೆ ನಮ್ಮೂರಿನ ಮಕ್ಕಳೆಲ್ಲ ತೊಟ್ಟಿಲಲ್ಲೇ ತೂರಾಡ್ಬೇಕಿತ್ತಲ್ಲ ತಾಯೀ!" ಎಂದು ಆಕೆ ನಕ್ಕದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಡಿಗ್ರಿ ಓದಿದವಳು ನಾನು, ಅಪ್ಪಾ!

ಕೊನೆಗೆ ಇವರೇ ಸೋತು, "ಆಯ್ತು ಮಾರಾಯ್ತಿ, ನಿನ್ನ ಆಸ್ಪತ್ರೆಯ ಊರಿಗೇ ಹೋಗೋಣ" ಎಂದರು. ಮೊನ್ನೆ ಮಧ್ಯಾಹ್ನ ಮೆಟ್ಟಿಲೂರಿನ ಕೋಣೆ ಬೇಡವೆನ್ನಲು ಫೋನು ಮಾಡಿದೆ. ಗೂಬೆಮರಿ ಕಂಕುಳಲ್ಲಿ ಕಿರುಚುತ್ತಿದ್ದಳು, ನನ್ನ ಮಾತು ನನಗೇ ಕೇಳಿಸದು. ಯಜಮಾನಿ, "ಫೋನು ಅವಳ ಹತ್ರ ಇಡಮ್ಮ, ನಾನು ಬಾಟಲಿ ತೊಳೀತಾ ಇದೀನಿ" ಎಂದರು. ಇದೆಂಥ ಮದ್ದು ಎಂದುಕೊಂಡೇ ಹಾಸಿಗೆಯ ಮೇಲೆ ಇಟ್ಟೆ. ಅತ್ತಲಿಂದ ನೀರಿನ ಸದ್ದು, ಬಾಟಲಿಗೆ ಬಾಟಲಿ ತಾಗುವ ಕಿಣಿಕಿಣಿ. ಮಗು ಬಾಯಿ ಅರ್ಧ ತೆರೆದು ಆಲಿಸಿತು. ಗಾಜಿನವನ ಮೊಮ್ಮಗಳಲ್ಲವೇ! ಹಾಗೇ ರೆಪ್ಪೆ ಮುಚ್ಚಿದಳು. ಉಸಿರು ನೋಡೋಣವೆಂದು ಪಕ್ಕದಲ್ಲಿ ಒರಗಿದವಳು, ಅಪ್ಪಾ, ನಾನೂ ಮಲಗಿಬಿಟ್ಟೆ. ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ಗಾಬರಿಯಿಂದ ಮಗುವನ್ನು ನೋಡಿದೆ, ಸೊಂಪಾಗಿ ನಿದ್ದೆಯಲ್ಲಿದ್ದಳು. ಫೋನಿನಲ್ಲಿ ಇನ್ನೂ ಕಿಣಿಕಿಣಿ. ಮೆಲ್ಲಗೆ ಹಲೋ ಎಂದರೆ, "ಎದ್ಯಾ? ಇನ್ನೂ ಸ್ವಲ್ಪ ಮಲಗಬಾರ್ದಿತ್ತಾ, ಇಲ್ಲಿ ಒಂದು ರಾಶಿ ಉಳಿದಿದೆ" ಎಂದರು!

ಕೋಣೆ ಬೇಡ ಎನ್ನಲು ಹೋದ ಬಾಯಿಂದ "ಬರ್ತೀವಿ" ಎಂದೇ ಬಂತು. ಸಂಜೆ ಸುದ್ದಿ ಕೇಳಿ ಇವರು ಮಗುವನ್ನು ಎತ್ತಿ ಕುಣಿದರು. ಆಮೇಲೆ ಹುಷಾರಾಗಿ, "ಮತ್ತೆ ಮೆಟ್ಟಿಲು?" ಎಂದರು. "ಎತ್ಕೊಂಡು ಹತ್ತೋರು ನೀವೇ" ಎಂದೆ.

ಮುಂದಿನ ತಿಂಗಳ ಮೊದಲ ಶನಿವಾರ ಹೊರಡುತ್ತೇವೆ. ನಿನ್ನ ಪಾಳಿಯವರಿಗೆಲ್ಲ ನಮಸ್ಕಾರ ಹೇಳು. ಗೂಬೆಮರಿ ಈ ಕಾಗದದ ಮೂಲೆಯನ್ನು ಚೀಪಿದ್ದಾಳೆ, ಅದನ್ನೇ ಮುತ್ತು ಎಂದುಕೋ.

ನಿನ್ನ ಮಗಳು,
ದೊಡ್ಡ ಗೂಬೆ

ಮರೆತೆ: ಅಂಚೆಗೆ ಹಾಕಲು ಇವರು ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಹೇಳುತ್ತೇನೆ. ಮೆಟ್ಟಿಲೂರಿನಲ್ಲಿ ಈಗ ನಾನು ಹಿಡಿದದ್ದು ಒಂದಲ್ಲ, ಎರಡು ಕೋಣೆ, ನಡುವೆ ಒಂದು ಬಾಗಿಲು. ಇನ್ನೊಂದು ಕೋಣೆ ನಿನಗೆ. ಕುಲುಮೆ ಬಿಟ್ಟು ಬರಲಾಗದು ಎನ್ನಬೇಡ, ನೀನಿಲ್ಲದಿದ್ದರೂ ಅದು ಉರಿಯುತ್ತದೆ. ತೊಟ್ಟಿಲು ನಿನ್ನ ಮಂಚಕ್ಕೆ ತಾಗಿ ಇರುತ್ತದೆ. ಅವಳು ಅತ್ತರೆ ನಿನಗೆ ಕೇಳಿಸದು, ಅದನ್ನೂ ಯೋಚಿಸಿದ್ದೇನೆ. ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಇದ್ದಾಗಲೆಲ್ಲ ನೀನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದೆಯಲ್ಲ, ಹಾಗೇ ಮಲಗು. ನಾನು ಬಾಗಿಲು ಮುಚ್ಚಿಕೊಂಡು ನಿದ್ದೆ ಮಾಡುತ್ತೇನೆ. ಮೊದಲ ರಾತ್ರಿ ಮಾತ್ರ ಪೂರ್ತಿ ಮುಚ್ಚುವುದಿಲ್ಲ.