ತಾಳೆಯಾದ ಹಾಜರಿ

ಜುಲೈ 9, ಸೋಮವಾರ

ಹಾಜರಿ ಇಪ್ಪತ್ತಾರು. ಶಾಲೆ ಈಗ ಗೋಡೌನಿನಲ್ಲಿ. ಬೋರ್ಡ್ ಇಲ್ಲ, ಗೋಡೆಯ ಮೇಲೇ ಬರೆಯುತ್ತೇನೆ. ಮಕ್ಕಳು ಬಾಗಿಲ ಹತ್ತಿರವೇ ಕೂರುತ್ತಾರೆ. ಒಳಗೆ ಬನ್ನಿ ಅಂದರೆ ಅಳು.

ಬೆಂಕಿಯಾಗಿ ಹನ್ನೊಂದು ದಿನ. ಸತ್ತದ್ದು ಒಂದು ಮಗು — ಟೈಲರಮ್ಮನ ಚಿಕ್ಕವಳು, ಎರಡನೇ ಕ್ಲಾಸು. ಊರವರು ನನ್ನ ಕೈ ಹಿಡಿದುಕೊಳ್ಳುತ್ತಾರೆ. "ನೀವಿದ್ರಿ, ಉಳಿದವು ಬದುಕಿದ್ವು ಟೀಚರ್." ಹಾಲು, ಮೊಟ್ಟೆ ತಂದುಕೊಡುತ್ತಾರೆ. ತಗೊಳ್ಳುತ್ತೇನೆ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ.

ಪಟ್ಟಣದಿಂದ ಕೌನ್ಸೆಲರ್ ಬಂದಿದ್ದಾಳೆ. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು. ನನಗೂ ಹೇಳಿದಳು — "ಮೇಡಂ, ನೀವೂ ಅಳಬೇಕು." ಅಳಬೇಕಂತೆ! ಟೈಮ್‌ಟೇಬಲ್ಲಿನಲ್ಲಿ ಒಂದು ಪೀರಿಯಡ್ ಹಾಕಿಕೊಳ್ಳಲೇ?

ಜುಲೈ 10

ಇಲ್ಲಿ ಒಂದು ಸಲ ಬರೆದುಬಿಡುತ್ತೇನೆ. ಬೇರೆಲ್ಲೂ ಬರೆಯುವಂತಿಲ್ಲ.

ನನ್ನ ರೂಲು: ಬೆಲ್ ಆದಮೇಲೆ ಬಂದವರಿಗೆ ಆ ದಿನ ಗೈರು. ಅರ್ಧ ಗಂಟೆ ಜಗಲಿಯಲ್ಲಿ ನಿಲ್ಲಬೇಕು. ಅವತ್ತು ಚಿಕ್ಕವಳು ಬೆಲ್ ಆದಮೇಲೆ ರಾಗ ಎಳೆಯುತ್ತಲೇ ಬಂದಳು. ಗೈರು ಹಾಕಿದೆ. ಕ್ಲಾಸಿನಲ್ಲಿ ಮಗ್ಗಿ ಜೋರಾಗಿ ನಡೆದಿತ್ತು. ನನಗೆ ತಲೆನೋವು... ಸ್ಟೋರ್ ರೂಮಿಗೆ ಬಿಟ್ಟು ಹೊರಗಿನಿಂದ ಚಿಲಕ ಎಳೆದೆ. ಐದು ನಿಮಿಷಕ್ಕೆ ಅಂತ.

ಆಮೇಲೆ ಚಾವಣಿಯಲ್ಲಿ ಹೊಗೆ. ಮಕ್ಕಳನ್ನು ಸಾಲಾಗಿ ಹೊರಗೆ ತಂದೆ. ಅವಳ ಅಕ್ಕ, ಐದನೇ ಕ್ಲಾಸಿನವಳು, ಹೊಗೆ ಕುಡಿದು ಪ್ರಜ್ಞೆ ತಪ್ಪಿದ್ದಳು. ಎತ್ತಿಕೊಂಡೇ ಬಂದೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು, ಅಂಗಳದಲ್ಲಿ ಇಪ್ಪತ್ತಾರು. ತಾಳೆ. ಫೈರ್‌ನವರು "ಒಳಗೆ ಯಾರಾದ್ರೂ ಇದಾರಾ?" ಅಂದರು. "ಯಾರೂ ಇಲ್ಲ" ಅಂದೆ. ಸುಳ್ಳಲ್ಲ, ಮರೆತೇಹೋಗಿತ್ತು. ಟೈಲರಮ್ಮ ಓಡಿ ಬಂದು "ಚಿಕ್ಕವಳೆಲ್ಲಿ?" ಅಂದಾಗ ನೆನಪಾಯಿತು. ಅಷ್ಟರಲ್ಲಿ ಚಾವಣಿ ಕುಸಿದಿತ್ತು. ಇನ್ನು ಹೇಳಿ ಏನು ಪ್ರಯೋಜನ ಅಂದುಕೊಂಡೆ. ಇಲ್ಲ — ಹೆದರಿದೆ.

ಊರೇ ಕಥೆ ಕಟ್ಟಿತು: ಲೇಟಾಯಿತೆಂದು ಹೆದರಿ ಮಗು ತಾನೇ ಬಚ್ಚಿಟ್ಟುಕೊಂಡಿತು. ನಾನು ಅಲ್ಲ ಅನ್ನಲಿಲ್ಲ.

ಜುಲೈ 12

ಫೈರ್‌ನವರ ರಿಪೋರ್ಟ್ ಬಂತು. ಚಿಲಕ ಹೊರಗಿನಿಂದ ಹಾಕಿತ್ತಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಲ್ಲರ ಮಧ್ಯದಿಂದ ಎದ್ದು ಬಾಗಿಲಿಗೆ ಹೋದೆ. "ಪಾಪ, ಟೀಚರ್‌ಗೆ ತಡ್ಕೊಳಕ್ಕಾಗ್ತಿಲ್ಲ" ಅಂದರು.

ಸಂಜೆ ಕೌನ್ಸೆಲರ್ — "ಮೇಡಂ, ಆ ಅಕ್ಕ ಇದಾಳಲ್ಲ, ಏನೋ ಹೇಳಕ್ಕೆ ಬರ್ತಾಳೆ. ನಿಮ್ಮ ಹೆಸರು ಬಂದ ತಕ್ಷಣ ಸುಮ್ಮನಾಗ್ತಾಳೆ. ನೀವೇ ಒಂದ್ಸಲ ಮಾತಾಡಿಸ್ತೀರಾ?"

ಕುರಿ ಕಾಯೋಕೆ ತೋಳ.

ಜುಲೈ 13, ಮಧ್ಯಾಹ್ನ

ಮಾತಾಡಿಸಿದೆ.

"ನೀವೇ ಅವಳನ್ನ ಕರ್ಕೊಂಡು ಹೋಗಿದ್ದು. ನಾನು ಬಾಗಿಲಿಂದ ನೋಡ್ದೆ ಟೀಚರ್."

"ಹೊಗೆ ತಲೆಗೆ ಹತ್ತಿದೆ ಕಂದ. ದಿನಾ ಸ್ಟೋರ್ ರೂಮಿಂದ ಸೀಮೆಸುಣ್ಣ ತರೋದು ಯಾರು?"

"ನಾನು."

"ಚಿಲಕ ಹಾಕೋದು?"

"ನಾನೇ... ಆದ್ರೆ ಅದು ಬೆಲ್‌ಗಿಂತ ಮುಂಚೆ."

"ಅವತ್ತು ಎರಡನೇ ಸಲ ಕಳಿಸಿದ್ನಲ್ಲ. ನೆನಪಿಲ್ವಾ?"

ಕಳಿಸಿರಲಿಲ್ಲ. ಹುಡುಗಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

"ಆಗ ಅವಳು ಒಳಗಿದ್ಳಾ?"

"ಬಾಗಿಲ ಹಿಂದೆ ಇದ್ದಿರಬೇಕು. ನಿನಗೆ ಕಾಣಿಸಿಲ್ಲ. ಬೇಕಂತ ಮಾಡಿದ್ದಲ್ವಲ್ಲ ನೀನು. ನಾನು ಯಾರಿಗೂ ಹೇಳಲ್ಲ."

ತಲೆ ಸವರಿದೆ. ನನ್ನ ದನಿ ಅಷ್ಟು ಮೆತ್ತಗೆ ಇರಬಲ್ಲದೆಂದು ಗೊತ್ತಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಜುಲೈ 21

ಎಂಟು ದಿನ ಬರೆಯಲಿಲ್ಲ. ಹುಡುಗಿ ಉಣ್ಣುತ್ತಿಲ್ಲವಂತೆ. ತಾನೇ ಚಿಲಕ ಹಾಕಿದ್ದು ಅಂತ ಕೌನ್ಸೆಲರ್ ಮುಂದೆ, ಅಮ್ಮನ ಮುಂದೆ, ಎಲ್ಲ ಹೇಳಿಕೊಂಡಳಂತೆ. ಕೌನ್ಸೆಲರ್ ನನ್ನ ಭುಜಕ್ಕೆ ಒರಗಿ ಅತ್ತಳು — "ನಿಮ್ಮಿಂದ್ಲೇ ಅವಳು ಬಾಯಿ ಬಿಟ್ಟಿದ್ದು ಮೇಡಂ." ಕರ್ಚೀಫು ಕೊಟ್ಟೆ.

ಊರಿನ ಬಾಯಿಗೆ ಬೀಗ ಉಂಟೇ. ಕ್ಲಾಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿಲ್ಲ. ನೋಡಿಯೂ ಪಾಠ ಮುಂದುವರಿಸಿದೆ.

ಹೇಳಿಬಿಡಬೇಕು. ನಾಳೆ ಭಾನುವಾರ. ಟೈಲರಮ್ಮನ ಮನೆಗೇ ಹೋಗಿ ಹೇಳಿಬಿಡಬೇಕು. ಕೆಲಸ ಹೋಗಲಿ, ಜೈಲೇ ಆಗಲಿ.

ಜುಲೈ 22, ಸಂಜೆ

ಹೋದೆ. ದೊಡ್ಡವಳು ಗೋಡೆಗೆ ಒರಗಿ ನಿಂತಿದ್ದಳು. ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದವು. ಟೈಲರಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು.

"ಇದರ ಮುಖ ನೋಡಕ್ಕಾಗ್ತಿಲ್ಲ ಟೀಚರ್. ನಾಳೆ ಹಾಸ್ಟೆಲ್ಲಿಗೆ ಬಿಟ್ಟು ಬರ್ತೀನಿ. ಹೆತ್ತ ಕರುಳು, ಆದ್ರೂ ಆಗ್ತಿಲ್ಲ. ಇದೇನಾ ಚಿಲಕ ಹಾಕಿದ್ದು? ನೀವೊಂದು ಮಾತು ಹೇಳಿ. ನೀವು ಅಲ್ಲ ಅಂದ್ರೆ ಈಗಲೇ ಎತ್ತಿ ಮಡಿಲಲ್ಲಿ ಹಾಕ್ಕೋತೀನಿ."

ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆ, ಬಂದಿತ್ತು.

"ಚಿಕ್ಕ ಮಗು," ಅಂದೆ. "ಕ್ಷಮಿಸಿಬಿಡಿ."

ಟೈಲರಮ್ಮ ಕೈ ಬಿಟ್ಟಳು. ಒಳಗೆ ಹೋದಳು. ಟ್ರಂಕು ಎಳೆದ ಸದ್ದು. ಹುಡುಗಿ ನನ್ನನ್ನು ಬೀದಿಯವರೆಗೂ ಬಿಡಲು ಬಂದಳು.

"ಥ್ಯಾಂಕ್ಸ್ ಟೀಚರ್. ನೀವೊಬ್ರೇ ನನ್ನ ಪರ ಮಾತಾಡಿದ್ದು."

ಬೆಳಿಗ್ಗೆ ಎಂಟೂವರೆಗೆ ಬಸ್ಸು. ಇನ್ನೂ ಹೊತ್ತಿದೆ. ಈಗಲೇ ಎದ್ದು ಹೋಗಿ...