ಪಾಚಿ ಸಾರು ಕುಡಿದು ಜಾರಿದ್ದು

ಯುನ್ನಾನ್, ಸೋಮವಾರ

ಬುಸಾನಿನ ನನ್ನ ಅಜ್ಜಿಗೆ,

ನಿನ್ನ ಮೊಮ್ಮಗಳಿಗೆ ಇವತ್ತು ಇಪ್ಪತ್ತು ತುಂಬಿತು, ಇಲ್ಲಿಯ ಟೆನಿಸ್ ಟೂರ್ನಿಯ ಮೊದಲ ಸುತ್ತೂ ಗೆದ್ದಾಯಿತು. ಆದರೆ ಮೊದಲು ಜಗಳದ ಸುದ್ದಿ ಕೇಳು. ನೀನು ಹುಟ್ಟುಹಬ್ಬದ ಸಾರಿಗೆಂದು ಚೀಲಕ್ಕೆ ತುರುಕಿದ್ದ ಒಣ ಕಡಲಪಾಚಿಯನ್ನು ಬೆಳಿಗ್ಗೆ ಹೊರತೆಗೆದದ್ದೇ ತಡ, ಕೋಚ್ ಪ್ಯೋ ಮೇಡಂ ಹೌಹಾರಿದರು.

“ಪಂದ್ಯದ ದಿನ ಯಾರಾದ್ರೂ ಪಾಚಿ ಸಾರು ಕುಡೀತಾರೇನೇ? ಜಾರಿ ಬಿದ್ದು ಮನೆಗೆ ಹೋಗ್ತೀಯ, ಅಷ್ಟೆ!”

“ಹುಟ್ಟುಹಬ್ಬದ ದಿನ ಕುಡೀದಿದ್ರೆ ಅಜ್ಜಿ ಮನೆಗೇ ಸೇರಿಸಲ್ಲ ಮೇಡಂ!”

ಅವರು ಕಿತ್ತುಕೊಳ್ಳುವ ಮೊದಲೇ ಬಚ್ಚಲುಮನೆಗೆ ಓಡಿ, ಚಿಲಕ ಹಾಕಿ, ಹೋಟೆಲಿನ ಕೆಟಲ್‌ನಲ್ಲೇ ಪಾಚಿ ಕುದಿಸಿ ಎರಡು ಲೋಟ ಇಳಿಸಿದೆ.

ಇಲ್ಲಿಯ ಅಂಕಣ ಕೆಂಪು ಮಣ್ಣಿನದು. ಇದರ ಮೇಲೆ ಓಡಿದರೆ ಸಾಲದು, ಜಾರಿಕೊಂಡೇ ಚೆಂಡಿನ ಹತ್ತಿರ ಹೋಗಬೇಕು. ಸಿಮೆಂಟಿನ ಮೇಲೆ ಆಡಿ ಬೆಳೆದ ನನಗೆ ಅದೊಂದು ಬರುತ್ತಿರಲಿಲ್ಲ. “ಜಾರೇ, ಜಾರೇ!” ಎಂದು ಇದೇ ಮೇಡಂ ತಿಂಗಳಿಂದ ಗಂಟಲು ಹರಿದುಕೊಂಡಿದ್ದರು. ಇವತ್ತು ಜಾರಿದೆ ನೋಡು, ಮೂಲೆಯಿಂದ ಮೂಲೆಗೆ, ನೆಲಕ್ಕೆ ಎಣ್ಣೆ ಸವರಿದ ಹಾಗೆ! ರ‍್ಯಾಂಕಿಂಗಿನಲ್ಲಿ ನನಗಿಂತ ಎಷ್ಟೋ ಮೇಲಿರುವ ಎದುರಾಳಿ ಬಾಯಿ ಬಿಟ್ಟುಕೊಂಡು ನಿಂತಳು. ನಾಳೆಯೂ ಗೆದ್ದರೆ ಪ್ಯಾರಿಸ್ಸಿನ ದೊಡ್ಡ ಟೂರ್ನಿಯ ಅರ್ಹತಾ ಸುತ್ತಿಗೆ ನನ್ನ ಹೆಸರು ಸೇರುತ್ತದೆ.

ಮೊಣಕಾಲು ಸ್ವಲ್ಪ ತರಚಿದೆ, ಮುಲಾಮು ಹಚ್ಚಿದ್ದೇನೆ, ಗಾಬರಿಯಾಗಬೇಡ. ಪಾಚಿ ಇನ್ನೂ ಅರ್ಧ ಪೊಟ್ಟಣ ಉಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಬಾಗಿಲು ಬೇರೆ ಬಡಿಯುತ್ತಿದ್ದಾರೆ. ತೆರೆದರೆ ಮತ್ಯಾರು, ಪ್ಯೋ ಮೇಡಮ್ಮೇ, ಕೈಯಲ್ಲಿ ಕೆಟಲ್ ಹಿಡಿದುಕೊಂಡು:

“ನಾಳೇನೂ ನಿನ್ನ ಹುಟ್ಟುಹಬ್ಬಾನೇ ಕಣೇ, ತಿಳ್ಕೋ!”

ನಿನ್ನ ದಾಸೊಲ್